ಕ್ವೀನ್ಸ್‌ಬರಿಯಲ್ಲಿ ನೆನೆದ ಮರದಚ್ಚು

ಕ್ವೀನ್ಸ್‌ಬರಿ

ಲಂಡನ್ನಿಗೆ ಹೋಗಿ ಬಂದವಳೆಂದು ಗೊತ್ತಾದರೆ ಸಾಕು, ಅರಮನೆ ನೋಡಿದಿರಾ, ಗಡಿಯಾರದ ಗೋಪುರ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ, ಬಸ್ಸಿನ ಒದ್ದೆ ಗಾಜಿನ ಆಚೆಗೆ, ಅರ್ಧ ಮಾತ್ರ. ತಂಗಿಯ ಗಂಡ ಪ್ರಕಾಶ, "ಅಕ್ಕಾರ, ಎಡಕ್ಕ ನೋಡ್ರಿ, ಎಡಕ್ಕ," ಎನ್ನುವಷ್ಟರಲ್ಲಿ ನಾನು ಬಲಕ್ಕೆ ತಿರುಗಿ, ಒಬ್ಬ ಹೆಂಗಸು ತನ್ನ ನಾಯಿಗೆ ರೇನ್‌ಕೋಟು ತೊಡಿಸುವುದನ್ನು ನೋಡುತ್ತಿದ್ದೆ. ನಾನು ಕಂಡ ಲಂಡನ್ನೆಂದರೆ ಕ್ವೀನ್ಸ್‌ಬರಿಯ ಒಂದು ಮಹಡಿ ಮನೆ, ಮತ್ತು ಅದರ ಕೆಳಗಿನ ಮನೆಯಲ್ಲಿದ್ದ ಒಬ್ಬ ಸ್ವಿಸ್ ಮುದುಕಿ. ಬರೆಯುವುದಾದರೆ ಅವರನ್ನೇ ಬರೆಯಬೇಕು.

ನನ್ನ ತಂಗಿ ಸುನಂದಾ ಮದುವೆಯಾಗಿ ಧಾರವಾಡ ಬಿಟ್ಟು ಬಹಳ ವರ್ಷಗಳಾದವು. ಪ್ರಕಾಶ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾರೆ. ಅವಳು ಪಾರ್ಕ್ ರಾಯಲ್‌ನ ಒಂದು ಚಪಾತಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ. "ಗೌರಿ ಹುಣ್ಣಿಮಿಗೆ ಬಾ ಅಕ್ಕಾ, ಇಬ್ಬರೂ ಕೂಡಿ ಸಕ್ಕರಿ ಆರತಿ ಮಾಡೂನು," ಎಂದು ವರ್ಷವರ್ಷವೂ ಕರೆಯುತ್ತಿದ್ದಳು. ಈ ಸಲ ನಮ್ಮ ಮನೆಯವರೇ ಟಿಕೆಟ್ಟು ತೆಗೆಸಿ ಕಳಿಸಿದರು.

ನವೆಂಬರ್ ತಿಂಗಳು. ಮಧ್ಯಾಹ್ನದ ಊಟದ ತಟ್ಟೆ ತೊಳೆದಿಡುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬಚ್ಚಲಿನ ಬೇಸಿನ್ನಿಗೆ ಎರಡು ನಲ್ಲಿ, ಒಂದರಲ್ಲಿ ಸುಡುನೀರು, ಇನ್ನೊಂದರಲ್ಲಿ ಹಿಮ. ಬೆಚ್ಚನೆಯ ನೀರು ಬೇಕಾದರೆ ಕೈಯನ್ನು ಅದರಿಂದ ಇದಕ್ಕೆ ಓಡಾಡಿಸಬೇಕು. ಮೊದಲ ದಿನವೇ ಬೆರಳು ಸುಟ್ಟುಕೊಂಡೆ. ಬೇರೆ ಯಾವಾಗಲಾದರೂ ಆಗಿದ್ದರೆ ಸುನಂದಾ ನಕ್ಕು ನಕ್ಕು ಬೀಳುತ್ತಿದ್ದಳು. ಅಂದು ಮುಲಾಮು ತಂದು ಸುಮ್ಮನೆ ಹಚ್ಚಿದಳು.

ಸಕ್ಕರೆ ಆರತಿ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಮರದ ಅಚ್ಚುಗಳಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ನವಿಲು, ಬಸವಣ್ಣ ಮಾಡುತ್ತೇವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಪಾಕ ಅಂಟಬಾರದೆಂದು ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕುತ್ತಾರೆ. ನಮ್ಮ ಅವ್ವನ ಅಚ್ಚುಗಳು ಸುನಂದಾಳ ಪಾಲಿಗೆ ಬಂದಿದ್ದವು. ಅವು ಎಲ್ಲಿವೆ ಎಂದು ನಾನು ಕೇಳಿದ್ದೇ ತಡ, ಅವಳ ಮುಖ ಕಳೆಗುಂದಿತು.

"ಈ ಸಲ ಆರತಿ ಬ್ಯಾಡ ಅಕ್ಕಾ."

"ಯಾಕ? ಅದಕ್ಕಂತನ ಬಂದೇನಲ್ಲ ನಾ."

"ನಂದೊಂದ ತಪ್ಪಾಗೇದ." ಇಷ್ಟು ಹೇಳಿ ಸೆರಗಿಲ್ಲದ ಸ್ವೆಟರಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಕೆಳಗ ಬಾ, ತೋರಸ್ತೇನಿ."

ಕೆಳಗಿನ ಮನೆ

ಕೆಳಗಿನ ಮನೆಯವರ ಹೆಸರು ವ್ರೇನಿ. ಎಂಬತ್ತು ದಾಟಿದವರು, ಒಂಟಿ. ಕೆಲವು ವಾರಗಳ ಹಿಂದೆ ಅಡುಗೆಮನೆಯಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದ್ದರು. ಈಗ ಸ್ಟ್ಯಾನ್ಮೋರ್‌ನಲ್ಲಿ, ಆಸ್ಪತ್ರೆಯಿಂದ ಬಿಟ್ಟವರು ನಡೆದಾಡುವವರೆಗೆ ಇರುವಂಥ ಒಂದು ಮನೆಯಲ್ಲಿದ್ದಾರೆ. ಅವರ ಬೀಗದ ಕೈ ಸುನಂದಾಳ ಹತ್ತಿರವೇ ಇರುತ್ತಿತ್ತು. ಫ್ಯಾಕ್ಟರಿಯಿಂದ ಬಂದವಳೇ ದಿನವೂ ಒಂದು ಡಬ್ಬಿ ಅವರಿಗೆ ಕೊಟ್ಟು ಮೇಲೆ ಬರುವ ರೂಢಿ. ಜೋಳದ ರೊಟ್ಟಿಗೆ ಚೀಸು ಹಚ್ಚಿಕೊಂಡು, ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿನ್ನುತ್ತಾರಂತೆ. "ನಮ್ಮ ಅತ್ತಿ ನೋಡಿದ್ರ ಮೂರ್ಛಿ ಹೋಗ್ತಿದ್ರು," ಎಂದು ಸುನಂದಾ ಹಿಂದೆಲ್ಲ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಬಾಗಿಲು ತೆರೆದರೆ ಸೋಫಾ ಇರಬೇಕಾದಲ್ಲಿ ಚಿತ್ರ ಅಚ್ಚೊತ್ತುವ ಕಬ್ಬಿಣದ ಕೈಪ್ರೆಸ್ಸು ಕೂತಿತ್ತು. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಮರಳು ತುಂಬಿದ ದುಂಡನೆಯ ಚರ್ಮದ ದಿಂಬು, ಅಣಬೆಯಂಥ ಹಿಡಿಯ ಸಣ್ಣ ಸಣ್ಣ ಉಳಿಗಳು. ಆ ದಿಂಬಿನ ಮೇಲೆ ಮರದ ಹಲಗೆಯನ್ನಿಟ್ಟು ಕೊರೆಯುತ್ತಾರಂತೆ. ಉಳಿ ಹಿಡಿದ ಕೈ ಅಲುಗುವುದಿಲ್ಲ, ಹಲಗೆಯೇ ತಿರುಗುತ್ತದೆ. ರೊಟ್ಟಿ ಬಡಿಯುವಾಗ ಅಂಗೈ ಅಲ್ಲೇ ಇದ್ದು ರೊಟ್ಟಿ ತಿರುಗುವುದಿಲ್ಲವೆ, ಹಾಗೆ. ಕೊರೆದ ಮೇಲೆ ಮಸಿ ಸವರಿ ಕಾಗದ ಒತ್ತಿದರೆ, ಕೊರೆದದ್ದೆಲ್ಲ ಬಿಳಿ, ಬಿಟ್ಟದ್ದೆಲ್ಲ ಕಪ್ಪು. ಸಾರಿಸಿದ ನೆಲದ ಮೇಲೆ ರಂಗೋಲಿ ಎಳೆದ ಹಾಗೆ ಕಪ್ಪಿನೊಳಗಿಂದ ಚಿತ್ರ ಎದ್ದುಬರುತ್ತದೆ.

ಗೋಡೆಯ ತುಂಬ ಅವರ ಚಿತ್ರಗಳು. ಹಕ್ಕಿ, ಬೀಜದ ಕಾಯಿ, ಇಗರ್ಜಿಯ ಗೇಟು, ಮಂಜು ಬಿದ್ದ ಬೇಲಿ. ಬೆರಳಿನಷ್ಟು ಜಾಗದಲ್ಲಿ ಒಂದು ಗುಬ್ಬಿಯ ರೆಕ್ಕೆಯ ಗರಿಗರಿಯೂ ಬೇರೆ. ನಾನು ಓದಿದ ಕಾನ್ವೆಂಟಿನ ಇಂಗ್ಲಿಷ್ ರೀಡರಿನಲ್ಲಿ ಪ್ರತಿ ಪಾಠದ ನೆತ್ತಿಯ ಮೇಲೆ ಇಂಥದೇ ಪುಟ್ಟ ಕಪ್ಪು ಚಿತ್ರ ಇರುತ್ತಿತ್ತು. ನೋಡುತ್ತ ನಿಂತುಬಿಟ್ಟೆ.

ಸುನಂದಾ ಮೇಜಿನ ಖಾನೆಯಿಂದ ಟವೆಲ್ಲಿನಲ್ಲಿ ಸುತ್ತಿದ್ದೊಂದನ್ನು ತೆಗೆದಳು. ದೊಡ್ಡ ಪುಸ್ತಕದಷ್ಟಗಲದ ಹಲಗೆ, ತುಂಬ ಕೊರೆತ, ಕೊರೆಯುವ ಮುಂಚೆ ಸವರಿದ ಮಸಿಗೆ ಕಪ್ಪಾದದ್ದು. ಮೇಲಿನ ಅಂಚಿನಿಂದ ಕೆಳಗಿನವರೆಗೆ ಒಂದು ಸೀಳು. ಹಲಗೆ ಹಪ್ಪಳದ ಹಾಗೆ ಡೊಂಕಾಗಿತ್ತು.

"ಅಜ್ಜಿ ಬರೂದ್ರಾಗ ಮನಿ ಸ್ವಚ್ಛ ಮಾಡಿ ಇಡೂನು ಅಂತ ಬಂದೆ," ಎಂದಳು. "ನೀ ಬರೂಕಿಂತ ಮೊದಲ ಮ್ಯಾಲೆ ನಮ್ಮ ಆರತಿ ಅಚ್ಚು ನೆನಿಹಾಕಿ ತೊಳದ ಇಡೂದಿತ್ತು. ಇಲ್ಲಿ ಇದು ಕಾಣಿಸ್ತು, ಮೈಯೆಲ್ಲ ಕರೇ ಮಸಿ, ಕೊರದ ಸಂದಿ ತುಂಬ ಧೂಳ. ಇದೂ ಅಚ್ಚ ಅಲ್ಲಾ? ಅದರ ಜೋಡಿ ಇದನ್ನೂ ಬಿಸಿನೀರಾಗ ಹಾಕಿದೆ. ಮುಂಜಾನೆ ಬ್ರಶ್ಶಿಲೆ ತಿಕ್ಕಿ ರೇಡಿಯೇಟರ್ ಮ್ಯಾಲೆ ಒಣಗಿಸಿದೆ. ಸಂಜೀಕ ಬಂದ್ರ ಹಿಂಗ."

ಅವ್ವನ ಅಚ್ಚುಗಳು ಸಾಗುವಾನಿಯವು, ವರ್ಷವರ್ಷ ನೀರು ಕುಡಿದು ಪಳಗಿದವು. ಈ ಹಲಗೆಯ ಮರ ಬಾಕ್ಸ್ ಎಂಬ ಸಣ್ಣ ಗಿಡದ್ದು. ಅದು ದಪ್ಪ ಬೆಳೆಯುವುದೇ ಇಲ್ಲವಾದ್ದರಿಂದ ಚೂರು ಚೂರನ್ನು ಅಂಟಿಸಿ ಹಲಗೆ ಮಾಡಿರುತ್ತಾರೆ. ನೀರು ಸೋಕಿದರೆ ಬೆಸುಗೆ ಬಿಡುತ್ತದೆ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

"ಇದನ್ನ ಮುಗಸಲಿಕ್ಕೆ ಎರಡ ವರ್ಷ ಹತ್ತೇದ ಅವರಿಗೆ. ಇದಾದ ಮ್ಯಾಲೆ ಮತ್ತ ಕೊರಿಯಾಂಗಿಲ್ಲ, ಇದ ಕಡೀದು ಅಂದಿದ್ರು. ಕಣ್ಣ ಹೋಗ್ಯಾವ ಅಕ್ಕಾ. ಒಂದ ಸಲಾನೂ ಒತ್ತಿ ನೋಡಿಲ್ಲ ಇನ್ನ."

ಪಾರ್ಕ್ ರಾಯಲ್

ಪ್ರಕಾಶ ಮರುದಿನ ನಮ್ಮಿಬ್ಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಪಾರ್ಕ್ ರಾಯಲ್‌ಗೆ ಕರೆದೊಯ್ದರು. ಅಲ್ಲಿ ಅಡುಗೆಮನೆಯ ಕಪಾಟು ಮಾಡುವ ಬಡಿಗನೊಬ್ಬ ಅವರಿಗೆ ಪರಿಚಯ. ಹಾದಿಯಲ್ಲಿ ಬ್ರೆಡ್ಡಿನ ವಾಸನೆ, ಮುಂದೆ ಹೋದರೆ ಗರಂ ಮಸಾಲೆಯದು, ಅದರಾಚೆ ಮೀನಿನದು. ಇಷ್ಟೆಲ್ಲ ಅಡುಗೆ ನಡೆಯುವ ಊರಿನಲ್ಲಿ ಒಂದು ಮನೆಯೂ ಕಾಣಲಿಲ್ಲ, ಬರೀ ತಗಡಿನ ಗೋದಾಮುಗಳು. ಹಬ್ಬದ ವಾಸನೆಯಿದ್ದೂ ಹಬ್ಬವಿಲ್ಲದ ಓಣಿ ಎನಿಸಿ ಮನಸ್ಸು ಮುದುಡಿತು.

ಬಡಿಗ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಅಂಟು ಹಾಕಿ ಬಿಗಿದರೆ ಸೀಳು ಕೂಡಬಹುದು, ಆದರೆ ಬಿಗಿತಕ್ಕೆ ಇಷ್ಟು ಸಣ್ಣ ಗೆರೆಗಳು ಜಜ್ಜಿಹೋಗುತ್ತವೆ, ತಾನು ಮುಟ್ಟುವುದಿಲ್ಲ ಎಂದ. ಸುನಂದಾ ಅದನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡಳು, ಮಗುವಿಗೆ ಸುತ್ತಿದ ಹಾಗೆ.

ವಾಪಸು ಬರುವಾಗ ಪ್ರಕಾಶ, "ನಾ ಒಂದ ಮಾತ ಹೇಳತೇನಿ, ಇಬ್ಬರೂ ನನ್ನ ಮ್ಯಾಲೆ ಹರಿಹಾಯಬ್ಯಾಡ್ರಿ," ಎಂದರು.

"ಹೇಳ್ರಿ," ಎಂದೆ.

"ಅಜ್ಜಿಗೆ ಕಣ್ಣ ಕಾಣಂಗಿಲ್ಲ. ಒತ್ತಿಸಿ ಕಾಗದ ಕೈಯಾಗ ಕೊಟ್ರ ಅದರಾಗ ಸೀಳ ಅದನೋ ಇಲ್ಲೋ ಯಾರಿಗೆ ಗೊತ್ತ? ಚಂದ ಬಂದದ ಅಂದ್ರ ಮುಗೀತು. ಪಾಪ, ಸಮಾಧಾನಲೇ ಇರ್ತಾರ."

"ನಿಮ್ಮ ತಲಿ!" ಎಂದಳು ಸುನಂದಾ.

"ಮತ್ತೇನ್ ಮಾಡ್ತಿ? ಎರಡ ವರ್ಷದ ಕೆಲಸಾ ನಾ ನೀರಾಗ ಹಾಕೇನಿ ಅಂತ ಹೇಳ್ತಿ? ಆಮ್ಯಾಲೆ ಬಾಗಿಲಾ ತೆಗೀತಾರ ಅಂತ ತಿಳ್ದಿ?"

ಅವಳು ಮಡಿಲಲ್ಲಿದ್ದ ಹಲಗೆಯ ಮೇಲೆ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ನಿಜ ಹೇಳುತ್ತೇನೆ, ಆ ಮಾತು ನನಗೂ ಸರಿ ಕಂಡಿತ್ತು. ನೋಯಿಸುವ ಮಾತಿಗಿಂತ ಮೌನ ಲೇಸೆಂದು ಬೆಳೆದವಳು ನಾನು. ಆದರೆ ಸುನಂದಾಳಿಗೆ ಆ ಊರಿನಲ್ಲಿ ತನ್ನವರೆಂದು ಬಾಗಿಲು ಬಡಿಯಲು ಇದ್ದದ್ದು ಅದೊಂದೇ ಮನೆ. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಅದರೊಳಗೆ ಅವಳು ಕೂರುವುದು ಹೇಗೆ?

ಸ್ಟ್ಯಾನ್ಮೋರ್

ಸ್ಟ್ಯಾನ್ಮೋರ್ ದೊಡ್ಡವರ ಊರು. ಮನೆಗೂ ಮನೆಗೂ ನಡುವೆ ಒಂದು ತೋಟದಷ್ಟು ಅಂತರ, ರಸ್ತೆಯಲ್ಲಿ ನಡೆಯುವವರು ನಾವಿಬ್ಬರೇ. ಒದ್ದೆ ಎಲೆಗಳ ಮೇಲೆ ನಾನು ಜಾರಿ, ಯಾರದೋ ಮನೆಯ ಗೇಟು ಹಿಡಿದುಕೊಂಡರೆ ಒಳಗಿಂದ ಯಂತ್ರದ ದನಿಯೊಂದು ಯಾರು ಎಂದು ಕೇಳಿತು. "ಸಾರಿ," ಎಂದೆ. ಅದು ಮತ್ತೆ ಯಾರು ಎಂದಿತು. ಸುನಂದಾ ಕೈ ಹಿಡಿದೆಳೆದುಕೊಂಡು ಹೋದಳು.

ವ್ರೇನಿ ಕಿಟಕಿಯ ಬಳಿ ಕೂತಿದ್ದರು. ಸಣ್ಣ ಮೈ, ದೊಡ್ಡ ಕೈಗಳು. ಬಲಗೈಯ ಹೆಬ್ಬೆರಳು ಉಗುರಿನವರೆಗೂ ಚಪ್ಪಟೆ. ನನ್ನನ್ನು ನೇರವಾಗಿ ನೋಡಲಿಲ್ಲ, ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡಿದರು.

"ತಪ್ಪು ತಿಳಿಯಬೇಡಿ," ಎಂದರು ಇಂಗ್ಲಿಷಿನಲ್ಲಿ. "ನನ್ನ ಕಣ್ಣಿಗೆ ಈಗ ನಡುವಿನದು ಕಾಣುವುದಿಲ್ಲ, ಅಂಚು ಮಾತ್ರ. ನಿಮ್ಮ ಕೂದಲು ಕಾಣುತ್ತದೆ, ಹೆಗಲು ಕಾಣುತ್ತದೆ. ಮುಖ ಇರುವಲ್ಲಿ ಒಂದು ಬೂದು ಕಲೆ. ನೀವು ಚೆಂದವೋ ನಿಮ್ಮ ತಂಗಿ ಚೆಂದವೋ ಎಂದು ನನ್ನನ್ನು ಕೇಳಬೇಡಿ."

"ಅದನ್ನು ನಾನೇ ಕೇಳಿಕೊಳ್ಳುವುದಿಲ್ಲ," ಎಂದೆ. ಗಟ್ಟಿಯಾಗಿ ನಕ್ಕರು. ಸುನಂದಾ ನಗಲಿಲ್ಲ.

ಅವರ ಕಥೆ ಕೇಳಿದೆ. ಸ್ವಿಟ್ಜರ್ಲೆಂಡಿನ ಒಂದು ಕಣಿವೆಯ ಹಳ್ಳಿ. ತಂದೆ ಬೆಣ್ಣೆಯ ಅಚ್ಚು ಕೆತ್ತುತ್ತಿದ್ದರು, ಹಸು, ಹೂವು, ನಕ್ಷತ್ರ. ಅಲ್ಲಿ ಬೆಣ್ಣೆಯ ಮುದ್ದೆಯ ಮೇಲೆ ಚಿತ್ರ ಒತ್ತಿ ಮಾರುತ್ತಾರಂತೆ. ನಮ್ಮ ಸಕ್ಕರೆ ಅಚ್ಚಿನ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಇಪ್ಪತ್ತರ ಹರೆಯದಲ್ಲಿ ಲಂಡನ್ನಿಗೆ ಬಂದರು, ಒಬ್ಬ ಡಾಕ್ಟರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ. ಸಂಜೆ ತರಗತಿಯಲ್ಲಿ ಕೊರೆಯುವುದನ್ನು ಕಲಿತರು. ಅಲ್ಲೇ ಮುದ್ರಣದ ಕೆಲಸದ ಆರ್ಥರ್ ಸಿಕ್ಕಿದರು. ವ್ರೇನಿ ಕೊರೆಯುವುದು, ಆರ್ಥರ್ ಒತ್ತುವುದು. ಹಕ್ಕಿಗಳ ಪುಸ್ತಕ, ಹೂದೋಟದ ಪುಸ್ತಕ, ಮಕ್ಕಳ ಕಥೆ, ಕೈತುಂಬ ಕೆಲಸ. ಆಮೇಲೆ ಪುಸ್ತಕಗಳಿಗೆ ಫೋಟೋ ಬಂತು. ಕೊರೆದದ್ದು ಬಾಟಲಿಯ ಚೀಟಿಗೆ, ಚೀಸಿನ ಡಬ್ಬಿಗೆ ಇಳಿಯಿತು. ಅದೂ ನಿಂತಿತು. ಸಂಜೆ ತರಗತಿಯಲ್ಲಿ ತಾವೇ ಕಲಿಸಿದರು, ಆ ತರಗತಿಯೂ ಮುಚ್ಚಿತು. ಆರ್ಥರ್ ತೀರಿಕೊಂಡರು. ಕೊನೆಗೆ ಕಣ್ಣು.

"ನಮ್ಮ ಶಾಲೆಯ ರೀಡರಿನಲ್ಲೂ ಇಂಥ ಚಿತ್ರಗಳಿದ್ದವು. ಮುಳ್ಳುಹಂದಿಯದೊಂದು. ನಿಮ್ಮದಿರಬಹುದೆ?" ಎಂದೆ ಆಸೆಯಿಂದ.

"ಮುಳ್ಳುಹಂದಿ ಎಲ್ಲರೂ ಕೊರೆಯುತ್ತಿದ್ದರು," ಎಂದರು. "ಶಾಲೆಯ ಪುಸ್ತಕಕ್ಕೆ ಯಾರೂ ಹೆಸರು ಹಾಕುತ್ತಿರಲಿಲ್ಲ. ಇರಬಹುದು. ಇಲ್ಲದಿರಬಹುದು."

ಆಮೇಲೆ ಸುನಂದಾಳ ಕಡೆ ತಲೆ ಓರೆ ಮಾಡಿ, "ಶುಕ್ರವಾರ ನನ್ನನ್ನು ಮನೆಗೆ ಬಿಡುತ್ತಾರೆ. ಹಲಗೆ ಮೇಜಿನ ಮೇಲಿದೆಯಲ್ಲ? ಬಂದ ದಿನವೇ ಒತ್ತಬೇಕು. ಪ್ರೆಸ್ಸಿನ ಹಿಡಿ ನೀನು ತಿರುಗಿಸು. ಅದನ್ನು ನೀನು ನೋಡಬೇಕೆಂದೇ ನನಗೆ ಇಷ್ಟು ಅವಸರ," ಎಂದರು.

ಸುನಂದಾಳ ಬಾಯಿ ತೆರೆಯಿತು. ಅಷ್ಟರಲ್ಲಿ ನರ್ಸು ಚಹಾ ತಂದಳು. ತೆರೆದ ಬಾಯಿಂದ ನನ್ನ ತಂಗಿ, "ಹಾಲು ಎಷ್ಟು ಹಾಕಲಿ?" ಎಂದು ಕೇಳಿದಳು.

ಬಸ್ ಸ್ಟಾಪಿನಲ್ಲಿ ಅತ್ತಳು. ಅಕ್ಕಪಕ್ಕ ನಿಂತವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ನಮ್ಮ ಧಾರವಾಡವಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನೀರು ಕೊಟ್ಟು, ಯಾರು ತೀರಿಕೊಂಡರೆಂದು ಕೇಳಿರುತ್ತಿದ್ದರು.

"ನಾ ಹೇಳ್ತೇನಿ ಅಕ್ಕಾ," ಎಂದಳು ಬಸ್ಸು ಬಂದಾಗ. "ನೀ ಬಾಜೂಕ ನಿಂದ್ರು ಅಷ್ಟ."

ಮತ್ತೆ ಕೆಳಗಿನ ಮನೆ

ಶುಕ್ರವಾರ ಮಳೆ ಹನಿಯುತ್ತಲೇ ಇತ್ತು. ಪ್ರಕಾಶ ವ್ರೇನಿಯವರನ್ನು ಕೈ ಹಿಡಿದು ಒಳಗೆ ಕರೆತಂದು, ನನ್ನ ಕಡೆ ಒಮ್ಮೆ ನೋಡಿ, ವ್ಯಾನು ತಪ್ಪು ಕಡೆ ನಿಲ್ಲಿಸಿದ್ದೇನೆಂದು ನೆಪ ಹೇಳಿ ಹೊರಟುಬಿಟ್ಟರು. ವ್ರೇನಿ ಕೋಟನ್ನೂ ತೆಗೆಯದೆ ನೇರ ಮೇಜಿನ ಬಳಿ ಹೋದರು. ಸುನಂದಾ ಹಲಗೆಯನ್ನು ಮುಂಚೆಯೇ ಅಲ್ಲಿಟ್ಟಿದ್ದಳು, ಟವೆಲ್ಲಿಲ್ಲದೆ.

ಆ ಚಪ್ಪಟೆ ಹೆಬ್ಬೆರಳು ಹಲಗೆಯ ಅಂಚಿನಿಂದ ಒಳಕ್ಕೆ ಸರಿಯಿತು. ನಿಂತಿತು. ಹಿಂದೆ ಬಂತು. ಸೀಳಿನ ಗುಂಟ ಮೇಲಿನಿಂದ ಕೆಳಗಿನವರೆಗೆ ಒಂದೇ ಸಲ ಹೋಯಿತು.

"ನಾನು ನೆನೆಸಿದೆ," ಎಂದಳು ಸುನಂದಾ. ಅವಳ ಇಂಗ್ಲಿಷ್ ಅಂದು ತೀರ ಬಡವಾಗಿತ್ತು. "ನೀರಿನಲ್ಲಿ. ನಮ್ಮ ಮನೆಯಲ್ಲಿ ಮರದ ಅಚ್ಚನ್ನು ಹಬ್ಬಕ್ಕೆ ನೆನೆಸುತ್ತೇವೆ. ಇದೂ ಹಾಗೇ ಎಂದುಕೊಂಡೆ. ರಾತ್ರಿಯಿಡೀ. ಆಮೇಲೆ ರೇಡಿಯೇಟರ್ ಮೇಲೆ ಇಟ್ಟೆ."

ವ್ರೇನಿ ಕುರ್ಚಿಯನ್ನು ತಡಕಿ ಕೂತರು. "ಬಿಸಿನೀರೆ?" ಎಂದರು.

"ಹೌದು."

"ಹಬ್ಬ ಚೆನ್ನಾಯಿತೆ?"

"ಮಾಡಲಿಲ್ಲ."

ಅವರು ಎದ್ದು ಕೋಟು ತೆಗೆದರು. ಹಲಗೆಗೆ ಸುತ್ತಲೂ ದಾರ ಬಿಗಿದರು, ಡೊಂಕಿಗೆ ಸರಿಯಾಗಿ ಅಡಿಗೆ ಕಾಗದ ಮಡಿಚಿ ಇಟ್ಟರು. ಒಂದು ಕಲ್ಲಿನ ಮೇಲೆ ಮಸಿ ಹಾಕಿ ರೋಲರನ್ನು ಆಡಿಸುತ್ತ ಕಿವಿ ಕೊಟ್ಟು ಕೇಳಿದರು. ಮಸಿ ಹದಕ್ಕೆ ಬಂತೆಂದು ಅವರಿಗೆ ಹೇಳುವುದು ಅದರ ಸದ್ದು. ಪಾಕ ಏರಿತೆಂದು ನಮ್ಮ ಅವ್ವನಿಗೂ ಕಿವಿಯೇ ಹೇಳುತ್ತಿತ್ತು. ಹಲಗೆಗೆ ಮಸಿ ಸವರಿ ಕಾಗದ ಹಾಸಿದರು. ಹಿಡಿಯನ್ನು ತಾವೇ ತಿರುಗಿಸಿದರು, ಸುನಂದಾಳನ್ನು ಕರೆಯಲಿಲ್ಲ. ಕಾಗದವನ್ನು ಮೂಲೆಯಿಂದ ಎತ್ತಿ ನನ್ನ ಕೈಗೆ ಕೊಟ್ಟರು.

"ನೀವು ಹೇಳಿ. ಅವಳು ಬೇಡ. ಸೀಳು ಎಲ್ಲಿ ಹೋಗಿದೆ?"

ಚಿತ್ರ ನೋಡಿದೆ. ಚಳಿಗಾಲದ ಮುಂಜಾವು, ಬಸ್ ಸ್ಟಾಪು, ಕೆಲಸಕ್ಕೆ ಹೊರಟ ಹೆಂಗಸರ ಸಾಲು. ಪಾರ್ಕ್ ರಾಯಲ್ ಬಸ್ಸಿಗೆ ಕಾಯುವವರು. ಬಾಯಿಂದ ಬರುವ ಉಸಿರಿನ ಹಬೆಯನ್ನೂ ಕೂದಲೆಳೆಯ ಗೆರೆಗಳಲ್ಲಿ ಕೊರೆದಿದ್ದರು. ಅವರ ನಡುವೆ ಒಬ್ಬಳು ತಲೆಗೆ ಸ್ಕಾರ್ಫು ಕಟ್ಟಿ, ಡಬ್ಬಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಹಾಗೆ ಹಿಡಿಯುವವಳು ಜಗತ್ತಿನಲ್ಲಿ ಒಬ್ಬಳೇ. ಶಾಲೆಗೆ ಹೋಗುವಾಗಲೂ ಹಾಗೇ ಹಿಡಿಯುತ್ತಿದ್ದಳು. ಕಣ್ಣಿನ ಅಂಚಿನಿಂದ, ಕಿಟಕಿಯಾಚೆಯ ಬೆಳಗುಗಳಿಂದ, ಎರಡು ವರ್ಷ ಕೂತು ನನ್ನ ತಂಗಿಯನ್ನು ಕೊರೆದಿದ್ದರು.

"ಚಿತ್ರ ಬಹಳ ಚೆನ್ನಾಗಿ..." ಎಂದು ಶುರು ಮಾಡಿದೆ.

"ಅದನ್ನು ಕೇಳಲಿಲ್ಲ. ಸಮಾಧಾನ ಬೇಡ. ಎಲ್ಲಿ?"

ಕಾನ್ವೆಂಟಿನಲ್ಲಿ ಕಲಿತ ಮೆದುಮಾತು ಒಂದೂ ಕೆಲಸಕ್ಕೆ ಬರಲಿಲ್ಲ. "ಸುನಂದಾಳ ಮೇಲೆ," ಎಂದೆ. "ಸ್ಟಾಪಿನ ಛಾವಣಿಯಿಂದ ಇಳಿದು ಅವಳ ತಲೆಯಿಂದ ಕಾಲಿನವರೆಗೆ. ಮುಖ ಎರಡಾಗಿದೆ."

ಸುನಂದಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಆಗಲೇ ಅವಳಿಗೂ ಗೊತ್ತಾದದ್ದು, ತಾನು ನೆನೆಹಾಕಿ ತಿಕ್ಕಿದ್ದು ಯಾರನ್ನೆಂದು. "ಅಯ್ಯೋ ಅವ್ವಾ" ಎಂದವಳು ಬಾಯಿಗೆ ಕೈ ಒತ್ತಿಕೊಂಡಳು.

ವ್ರೇನಿ ಹಲಗೆಯನ್ನು ಮರಳಿನ ದಿಂಬಿನ ಮೇಲಿಟ್ಟು ಉಳಿಯೊಂದನ್ನು ಆರಿಸಿದರು. ಏನು ಮಾಡಲಿದ್ದಾರೆಂದು ನಮಗೆ ಹೇಳಿದರು, ಪಾಠ ಹೇಳುವ ದನಿಯಲ್ಲೇ. ಒಂದು ಹಲಗೆಯಿಂದ ಇನ್ನು ಒತ್ತುವುದಿಲ್ಲವೆಂದು ನಿಶ್ಚಯವಾದರೆ ಅದನ್ನು ಕೊರೆದವರೇ ಅದರ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆಯಬೇಕು. ತಾವು ಹೋದ ಮೇಲೆ ಯಾರೋ ಹೇಗೋ ಒತ್ತಿ ಕೆಡಿಸಬಾರದು. ಈ ಕಸುಬಿನ ರೀತಿ ಅದು. ಆ ಗೆರೆ ಎಳೆದ ಮೇಲೆ ಕೊನೆಯದಾಗಿ ಒಂದು ಪ್ರತಿ ತೆಗೆಯಬೇಕು, ಹಲಗೆ ಮುಗಿಯಿತೆಂಬುದಕ್ಕೆ ಸಾಕ್ಷಿಯಾಗಿ.

ಸುನಂದಾ ಅವರ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ. ಬ್ಯಾಡ್ರಿ ಅಜ್ಜಿ. ಹಿಂಗ ಇರ್ಲಿ." ಕನ್ನಡದಲ್ಲೇ ಹೇಳುತ್ತಿದ್ದೇನೆಂಬ ಅರಿವೂ ಅವಳಿಗಿರಲಿಲ್ಲ.

ಅವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಒರಟಾಗಿ ಅಲ್ಲ. "ಈ ಸೀಳು ನನ್ನದಲ್ಲ," ಎಂದರು. "ನನ್ನ ಹಲಗೆಯ ಮೇಲೆ ಕೊನೆಯ ಗೆರೆ ರೇಡಿಯೇಟರಿನದಾಗಬಾರದು."

ಉಳಿ ಹೊರಟಿತು. ಮೂಲೆಯಿಂದ ಮೂಲೆಗೆ, ಹಲಗೆ ಕದಲದಂತೆ ಎಡಗೈಯಲ್ಲಿ ಅದುಮಿ, ನಡುವೆ ಒಮ್ಮೆಯೂ ನಿಲ್ಲಿಸದೆ. ಮರದ ಎಳೆಯೊಂದು ಸುರುಳಿಯಾಗಿ ಏಳುತ್ತ ಹೋಯಿತು. ಎಷ್ಟು ನೇರವಿತ್ತೆಂದರೆ, ಕಣ್ಣಿಲ್ಲದ ಕೈಯದು ಎಂದು ಯಾರೂ ಹೇಳಲಾರರು.

"ಸಿಟ್ಟು ಬಂದಿದೆಯೆ?" ಎಂದು ಸುನಂದಾ ಮೆಲ್ಲಗೆ ಕೇಳಿದಳು.

"ಬಂದಿದೆ," ಎಂದರು ವ್ರೇನಿ. "ಬಹಳ. ಈಗ ಬಾ, ಹಿಡಿ ತಿರುಗಿಸು."

ತಂಗಿ ಕಣ್ಣೊರೆಸಿಕೊಂಡು ಹಿಡಿಗೆ ಕೈ ಹಾಕಿದಳು. ಕಾಗದದ ಮೇಲೆ ಎರಡು ಬಿಳಿ ಗೆರೆಗಳು ಬಂದವು, ಒಂದು ಹಾವಿನಂತೆ ಸೊಟ್ಟ, ಇನ್ನೊಂದು ನೇರ. ವ್ರೇನಿ ಆ ಪ್ರತಿಗೆ ಮಾತ್ರ ಪೆನ್ಸಿಲಿನಿಂದ ಹೆಸರು ಬರೆದರು. ಅಕ್ಷರಗಳು ಅಂಚಿನಿಂದ ಕೆಳಕ್ಕೆ ಜಾರಿದವು. ಮೊದಲನೆಯ ಪ್ರತಿಯನ್ನು ಕೇಳಿ ಇಸಿದುಕೊಂಡು ಹರಿದುಹಾಕಿದರು. ಆಮೇಲೆ, ದಣಿವಾಗಿದೆ, ನೀವಿಬ್ಬರೂ ಹೋಗಿ ಎಂದರು. ನಾವು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು, "ನಾಳೆ ಬಾ, ಸುನಂದಾ. ನಾಳೆಯೂ ಸಿಟ್ಟಿರುತ್ತದೆ."

ಮರುದಿನ ಕೆಲಸ ಮುಗಿಸಿಕೊಂಡು ಅವಳು ನೇರ ಕೆಳಗೇ ಹೋದಳು. ಬಾಗಿಲು ತೆರೆದ ಸದ್ದು ಮೇಲಕ್ಕೆ ಕೇಳಿಸಿತು. ಆಮೇಲೆ ಮಾತಿನ ಸದ್ದಿಲ್ಲ, ನಗುವಿಲ್ಲ. ನಾನು ಅನ್ನಕ್ಕಿಟ್ಟು ಮೆಟ್ಟಿಲಿಗೇ ಕಿವಿ ಕೊಟ್ಟು ಕೂತಿದ್ದೆ. ಮೇಲೆ ಬಂದವಳು ತೊಳೆಯದ ಡಬ್ಬಿಯನ್ನು ಸಿಂಕಿನಲ್ಲಿಟ್ಟಳು.

"ಏನಂದ್ರು?"

"ಏನೂ ಅನ್ನಲಿಲ್ಲ. ಉಂಡ್ರು."

"ಸಿಟ್ಟ ಅದನ ಇನ್ನ?"

"ಅದ."

"ನಾಳೆ?"

ಸುನಂದಾ ಡಬ್ಬಿಗೆ ನೀರು ಬಿಟ್ಟಳು. "ನಾಳೆನೂ ಬಾ ಅಂದಾರ."